ಎದೆಗೆ ಬಂದ ಬೆನ್ನು

"ಏನೇ, ಹೊಸ ಮಾಲು ಹಾಕಿಸ್ಕೊಂಡು ಬಂದಿದ್ದೀಯಂತೆ? ಪುಕ್ಕಟೆ ಕಟ್ಟಿಕೊಟ್ರಂತೆ? ನಮಗೂ ಸ್ವಲ್ಪ ತೋರ್ಸು, ಹೆಂಗಿದೆ ನೋಡೋಣ."

ಮೇಸ್ತ್ರಿ ಇದನ್ನು ನನ್ನ ಕಿವಿಯಲ್ಲಿ ಹೇಳಲಿಲ್ಲ. ಬಟ್ಟೆ ಒಗೆಯುವ ಯಂತ್ರಗಳ ಗದ್ದಲವನ್ನೂ ಮೀರಿ, ಆಚೆ ಬಾಯ್ಲರ್ ಹತ್ತಿರ ನಿಂತಿದ್ದ ಗಂಡಸರಿಗೂ ಕೇಳುವ ಹಾಗೆ ಕೂಗಿದ. ಅವರು ಕಿಸಕ್ಕನೆ ನಕ್ಕರು. ನಾನು ಆಗಷ್ಟೇ ಯಂತ್ರದ ಬಾಗಿಲು ತೆಗೆದು, ಒಳಗಿನ ಒದ್ದೆ ಬಟ್ಟೆಗೆ ಕೈ ಹಾಕಿದ್ದೆ. ಆಪರೇಷನ್ ಆದ ಮೇಲೆ ಕೆಲಸಕ್ಕೆ ಬಂದ ಮೊದಲ ದಿನ ಅದು.

ನಮ್ಮದು ದೊಡ್ಡಾಸ್ಪತ್ರೆಯ ನೆಲಮಾಳಿಗೆ. ಮೇಲಿನ ಅಂತಸ್ತುಗಳಲ್ಲಿ ಮಲಗಿದವರ ರಕ್ತ, ಕೀವು, ಹೇಲು, ಉಚ್ಚೆ ಎಲ್ಲ ಹಾಸಿಗೆ ಬಟ್ಟೆಯ ಜೊತೆ ನಮ್ಮ ಹತ್ತಿರ ಇಳಿದು ಬರುತ್ತದೆ, ಬೆಳ್ಳಗಾಗಿ ಮೇಲೆ ಹೋಗುತ್ತದೆ. ಯಂತ್ರದೊಳಗೆ ತಿರುಗಿ ತಿರುಗಿ ಹೊದಿಕೆಗಳು ಒಂದಕ್ಕೊಂದು ಹೆಣೆದುಕೊಂಡು ತೊಡೆಗಾತ್ರದ ಹಗ್ಗವಾಗಿಬಿಡುತ್ತವೆ. ಯಂತ್ರದ ಅಂಚಿಗೆ ಒಂದು ಕಾಲು ಕೊಟ್ಟು ಆ ಹಗ್ಗವನ್ನು ಹೊರಗೆ ಎಳೆಯುವುದು ನನ್ನ ಕೆಲಸ. ನೋಡುವವರಿಗೆ ಕೈಯಿಂದ ಎಳೆದ ಹಾಗೆ ಕಾಣುತ್ತದೆ. ಕೈ ಇರುವುದು ಬರೀ ಹಿಡಿದುಕೊಳ್ಳುವುದಕ್ಕೆ. ಎಳೆಯುವುದು ಬೆನ್ನು.

ಎಳೆದೆ. ಹಗ್ಗ ಮಿಸುಕಲಿಲ್ಲ. ಅದರ ಬದಲು ನನ್ನ ಎಡಗಡೆಯ ಹೊಸ ಎದೆ ಅಂಗಿಯೊಳಗೆ ಎಗರಿತು. ಇನ್ನೊಮ್ಮೆ ಎಳೆದೆ, ಇನ್ನೊಮ್ಮೆ ಎಗರಿತು. ಮೀನು ಬುಟ್ಟಿಯಲ್ಲಿ ಬಡಿದುಕೊಂಡ ಹಾಗೆ.

ಮೇಸ್ತ್ರಿಯ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಅಯ್ಯಯ್ಯಪ್ಪಾ, ಕುಣೀತಿದೆ ಕಣ್ರೋ! ಬನ್ರೋ ಇಲ್ಲಿ! ಇಂಥದ್ದು ನಾನು ಎಲ್ಲೂ ಕಂಡಿಲ್ಲ!"

ಪಕ್ಕದ ಯಂತ್ರದಿಂದ ಉದ್ದಕ್ಕ ಬಂದಳು. ಅವಳ ಎತ್ತರಕ್ಕೆ ನಾವಿಟ್ಟ ಹೆಸರು ಅದು. "ಹೋಗಿ ನಿಮ್ಮಮ್ಮಂದು ಕುಣಿಯುತ್ತಾ ನೋಡ್ಕೋ ಹೋಗು, ಬೇವರ್ಸಿ" ಅಂದವಳೇ ನನ್ನ ಕೈಯಿಂದ ತುದಿ ಕಿತ್ತುಕೊಂಡು ಒಂದೇ ಉಸಿರಿಗೆ ಅರ್ಧ ಯಂತ್ರ ಖಾಲಿ ಮಾಡಿದಳು.

ಮೇಸ್ತ್ರಿ ನಗು ನಿಲ್ಲಿಸಿದ. ಅವನು ನಗು ನಿಲ್ಲಿಸಿದರೆ ಇನ್ನೂ ಕೆಟ್ಟದ್ದು. "ಅವಳ ಕೂಲಿಗೆ ನೀನು ಎಳೀಬೇಡ" ಅಂತ ಉದ್ದಕ್ಕನಿಗೆ ಅಂದು ನನ್ನ ಕಡೆ ತಿರುಗಿದ. "ಏನೇ, ಸೋಮವಾರ ಬೆಳಗ್ಗೆ ಒಬ್ಬಳೇ ಒಂದು ಯಂತ್ರ ಖಾಲಿ ಮಾಡಿ ತೋರ್ಸು. ಆಗ್ಲಿಲ್ವಾ, ರೂಮಿನ ಬೀಗದಕೈ ಇಲ್ಲಿಟ್ಟು ಆ ಮುದುಕೀನೂ ಕರ್ಕೊಂಡು ನಡಿ. ಆಳುಗಳಿಗೇನು ಬರ ಬಂದಿಲ್ಲ."

ಮುದುಕಿ ಅಂದರೆ ನನ್ನ ಅತ್ತೆ. ಒಗೆದ ಬಟ್ಟೆ ಮಡಿಸುವ ಮೇಜಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮಗ, ಅಂದರೆ ನನ್ನ ಗಂಡ, ಯಾವಳ ಹಿಂದೆಯೋ ಹೋಗಿ ಎಷ್ಟೋ ವರ್ಷವಾಯಿತು. ಅತ್ತೆ ಹೋಗಲಿಲ್ಲ. "ಹಾಳಾದೋನು ಹೋದ್ರೆ ಹೋಗ್ಲಿ. ನಾನ್ಯಾಕೆ ಹೋಗ್ಲಿ, ನನಗೇನು ಬೇರೆ ಸೊಸೆ ಇದ್ದಾಳಾ?" ಅಂದು ನನ್ನ ಜೊತೆಯೇ ಉಳಿದಳು. ಬಾಯ್ಲರ್ ಹಿಂದಿನ ಒಂದು ಕೋಣೆ ಕಂಟ್ರಾಕ್ಟರ್ ಕೊಟ್ಟದ್ದು. ಯಂತ್ರ ಎಳೆಯುವವಳಿಗೆ ಮಾತ್ರ ಕೋಣೆ, ಮಡಿಸುವವಳಿಗೆ ಇಲ್ಲ. ನನ್ನ ಕೆಲಸ ಹೋದರೆ ನಾವಿಬ್ಬರೂ ಬೀದಿಗೆ.

ಇಷ್ಟಕ್ಕೂ ಆಗಿದ್ದೇನೆಂದರೆ, ಎದೆಯಲ್ಲಿ ಗಂಟು ಬಂತು. ಕ್ಯಾನ್ಸರ್ ಅಂದರು. ಕೆಳಗೆ ದುಡಿಯುವವಳು ಮೇಲೆ ಹೋಗಿ ಮಲಗಿದೆ, ನಾನೇ ಒಗೆದ ಬಟ್ಟೆಯ ಮೇಲೆ. ಪೂರ್ತಿ ಎದೆ ತೆಗೆಯಬೇಕು ಅಂದಾಗ ಹೂಂ ಅಂದೆ. ಜೀವಕ್ಕಿಂತ ಹೆಚ್ಚೇ? ಆಮೇಲೆ ದೊಡ್ಡ ಡಾಕ್ಟರು ಹುಡುಗ ಡಾಕ್ಟರುಗಳನ್ನು ಹಿಂದೆ ಕಟ್ಟಿಕೊಂಡು ನನ್ನ ಮಂಚದ ಹತ್ತಿರ ಬಂದರು.

"ನೋಡಮ್ಮ, ತೆಗೆದ ಜಾಗದಲ್ಲಿ ಹೊಸದಾಗಿ ಕಟ್ಟಿಕೊಡ್ತೀವಿ. ಬೆನ್ನಲ್ಲಿ ಅಗಲವಾದ ಒಂದು ಮಾಂಸಖಂಡ ಇದೆ. ಅದನ್ನ ಬಿಡಿಸಿ, ಕಂಕುಳ ಕೆಳಗಿಂದ ಮುಂದಕ್ಕೆ ತಂದು ಎದೆ ಮಾಡ್ತೀವಿ. ಅದಿಲ್ದಿದ್ರೂ ದಿನನಿತ್ಯದ ಕೆಲಸಕ್ಕೆ ಏನೂ ತೊಂದರೆ ಆಗಲ್ಲ. ನಿನಗೆ ಒಂದು ಪೈಸೆ ಖರ್ಚಿಲ್ಲ."

ಯಾರ ದಿನನಿತ್ಯದ ಕೆಲಸ ಅಂತ ನಾನು ಕೇಳಲಿಲ್ಲ. ನೀನು ಏನು ಕೆಲಸ ಮಾಡುತ್ತೀಯ ಅಂತ ಅವರೂ ಕೇಳಲಿಲ್ಲ. ಬೆನ್ನಲ್ಲಿ ಎಷ್ಟೊಂದು ಮಾಂಸವಿದೆ, ಒಂದು ಹಿಡಿ ತೆಗೆದರೆ ಏನಾದೀತು ಅಂದುಕೊಂಡೆ. ಆಸೆ ಇರಲಿಲ್ಲ ಅಂದರೆ ಸುಳ್ಳಾದೀತು. ನಮಗೆಲ್ಲ ಸ್ನಾನಕ್ಕೆ ಇರುವುದು ಒಂದೇ ಸಾಲು ನಲ್ಲಿ. ಅಲ್ಲಿ ಎಲ್ಲರ ಮುಂದೆ ಒಂದು ಕಡೆ ಬಯಲಾಗಿ ನಿಲ್ಲುವುದನ್ನು ನೆನೆದರೇ ಜೀವ ಹಿಡಿಯಾಗುತ್ತಿತ್ತು. ಕಟ್ಟು ಬಿಚ್ಚಿದ ದಿನ ನರ್ಸಮ್ಮ ಕನ್ನಡಿ ಹಿಡಿದಳು. ಎರಡೂ ಇದ್ದವು. ನಾನು ಖುಷಿಗೆ ಅತ್ತುಬಿಟ್ಟೆ. ಅದೊಂದು ದಿನದ ಖುಷಿಯನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು.

ಆದರೆ ಬೆನ್ನಿನ ಗಾಯದೊಳಗೆ ನೀರು ತುಂಬತೊಡಗಿತು. ನರ್ಸಮ್ಮ ವಾರವಾರ ಸೂಜಿ ಚುಚ್ಚಿ ತೆಗೆಯುತ್ತಿದ್ದಳು. "ಇನ್ನೂ ಕೆಲವು ತಿಂಗಳು ಭಾರ ಎತ್ತಬೇಡ, ಎಳೀಬೇಡ" ಅಂದಳು. ತಿಂಗಳಂತೆ. ಮೇಸ್ತ್ರಿ ಅಷ್ಟು ದಿನ ಕಾದದ್ದೇ ಹೆಚ್ಚು. ಅದೂ ಉದ್ದಕ್ಕ ನನ್ನ ಪಾಲನ್ನೂ ಎಳೆದಳು ಅಂತ.

ಮೇಸ್ತ್ರಿ ಗಡುವು ಕೊಟ್ಟ ದಿನ ಸಂಜೆ ಅತ್ತೆ ಒಂದು ಹಳೆಯ ಕಂಬಳಿಯನ್ನು ಬಕೆಟ್ಟಿನಲ್ಲಿ ಅದ್ದಿ ತಂದಳು. ಒಂದು ತುದಿ ತಾನು ಹಿಡಿದು ಇನ್ನೊಂದು ನನ್ನ ಕೈಗೆ ಕೊಟ್ಟಳು.

"ಹಿಂಡು."

"ಆಗಲ್ಲ ಅತ್ತೆ."

"ಆಗಲ್ಲ ಅನ್ನೋಕೆ ನೀನೇನು ಡಾಕ್ಟ್ರ ಹೆಂಡ್ತಿಯಾ? ಹಿಡಿ, ಎಳಿ. ಎಳಿಯೇ ಮುಂಡೇದೆ!"

ಅವಳು ಒಂದು ಕಡೆಗೆ ತಿರುಚಿದಳು, ನಾನು ಇನ್ನೊಂದು ಕಡೆಗೆ. ಬಲಗೈ ಮಾತು ಕೇಳಿತು. ಎಡಗೈ ಹೆಗಲ ಹತ್ತಿರವೇ ಕೈಕೊಟ್ಟಿತು. ನೀರು ತೊಟ್ಟಿಕ್ಕಿತೇ ಹೊರತು ಸುರಿಯಲಿಲ್ಲ. ಎದೆ ಮಾತ್ರ ಒಂದೇ ಸಮನೆ ಎಗರಾಡುತ್ತಿತ್ತು. ಅತ್ತೆ ತುದಿ ಬಿಟ್ಟು ಹತ್ತಿರ ಬಂದಳು. ಅಂಗಿಯ ಮೇಲಿಂದ ತನ್ನ ಒರಟು ಅಂಗೈ ಇಟ್ಟಳು. "ಈಗ ಎಳಿ" ಅಂದಳು. ಗೋಡೆಯ ಗೂಟ ಹಿಡಿದು ಎಳೆದೆ. ಅವಳ ಅಂಗೈಯ ಕೆಳಗೆ ಅದು ಬಿಗಿದುಕೊಂಡಿತು.

ಅತ್ತೆ ಅಂಗೈಯನ್ನು ಅಲ್ಲೇ ಇಟ್ಟುಕೊಂಡಳು.

"ಪಾಪ, ಇದಕ್ಕೆ ಗೊತ್ತೇ ಇಲ್ಲ ಕಣೇ. ಇನ್ನೂ ಬೆನ್ನಲ್ಲೇ ಇದ್ದೀನಿ ಅಂದ್ಕೊಂಡಿದೆ. ದುಡೀತಾನೇ ಇದೆ."

ನಾವಿಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅತ್ತೆ ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ನನಗೆ ಅಳು ಬಂತು.

ಮರುದಿನ ನೀರು ತೆಗೆಸುವ ನೆಪದಲ್ಲಿ ಮೇಲೆ ಹೋದೆ. ಡಾಕ್ಟರು ಒಂದು ಮಾತು ಹೇಳಿದರೆ ಮೇಸ್ತ್ರಿ ನನ್ನನ್ನು ಮಡಿಸುವ ಮೇಜಿಗೆ ಹಾಕಿ ಕೋಣೆ ಉಳಿಸಿಯಾನು ಅನ್ನುವ ಆಸೆ. ಕಾದೂ ಕಾದೂ ಒಳಗೆ ಹೋದರೆ ಡಾಕ್ಟರ ಸುತ್ತ ಅದೇ ಹುಡುಗರು.

"ಬಾಮ್ಮ ಬಾ. ಅಂಗಿ ತೆಗಿ. ಎರಡೂ ಕೈ ಸೊಂಟದ ಮೇಲಿಟ್ಟು ಒತ್ತು. ಹಾಂ, ನೋಡಿದ್ರಾ? ಮಾಂಸ ಎಷ್ಟು ಜೀವಂತವಾಗಿದೆ ನೋಡಿ. ಇನ್ನೊಂದು ಸಲ ಒತ್ತಮ್ಮ."

ಒತ್ತಿದೆ. ಒಬ್ಬ ಹುಡುಗ ಮೊಬೈಲಿನಲ್ಲಿ ತೆಗೆದುಕೊಂಡ. ಮುಖ ಬರಲ್ಲ, ಹೆದರ್ಬೇಡಿ ಅಂದ. ಒಬ್ಬ ಹುಡುಗಿ ಕೆಳಗೆ ನೋಡಿದಳು, ಅಷ್ಟು ಮರ್ಯಾದೆ ಅವಳಿಗಿತ್ತು.

"ಸಾರ್, ಇದನ್ನ ವಾಪಸ್ ಬೆನ್ನಿಗೆ ಹಾಕ್ಬಿಡೋಕೆ ಆಗುತ್ತಾ?"

ಹುಡುಗರು ನಕ್ಕರು. ಡಾಕ್ಟರೂ ಮಗುವಿನ ಮಾತು ಕೇಳಿದವರ ಹಾಗೆ ನಕ್ಕರು. "ಯಾಕಮ್ಮ? ಇಷ್ಟು ಚೆನ್ನಾಗಿ ಬಂದಿದೆ. ಏನು ಕೆಲಸ ಮಾಡ್ತೀಯ ನೀನು?"

"ಕೆಳಗಡೆ ನಿಮ್ಮ ಬಟ್ಟೆ ಒಗೀತೀನಿ ಸಾರ್. ಯಂತ್ರದಿಂದ ಎಳೆಯೋ ಕೆಲಸ. ಈಗ ಎಳೆಯೋಕೆ ಆಗ್ತಾ ಇಲ್ಲ. ನೀವು ಮೇಸ್ತ್ರಿಗೆ ಒಂದು ಮಾತು…"

"ಅದು ಕಂಟ್ರಾಕ್ಟರ್ ವ್ಯವಹಾರ, ನಮ್ಮ ಕೈಯಲ್ಲಿಲ್ಲ." ಅವರು ಕೈ ತೊಳೆಯಲು ಎದ್ದರು. "ಆದರೆ ಸೋಮವಾರ ಮೇಲಿನ ಹಾಲ್‌ನಲ್ಲಿ ಹೊರಗಿನ ಡಾಕ್ಟರುಗಳೆಲ್ಲ ಸೇರ್ತಾರೆ. ಬೆಳಗ್ಗೆ ಬಂದು ಎರಡು ನಿಮಿಷ ನಿಂತ್ಕೊಂಡು ಹೀಗೇ ಒತ್ತಿ ತೋರಿಸು. ಆಮೇಲೆ ನೋಡೋಣ. ಸ್ನಾನ ಮಾಡ್ಕೊಂಡು ಬಾ."

ಅವತ್ತು ಸೂಜಿ ಚುಚ್ಚುವ ನರ್ಸಮ್ಮ ರಜೆಯಲ್ಲಿದ್ದಳು. ಬೆನ್ನಿನ ನೀರು ಬೆನ್ನಲ್ಲೇ ಉಳಿಯಿತು.

ಸೋಮವಾರ ಬಂದೇಬಂತು. ನೋಡೋಣ ಅಂದವರನ್ನು ನಂಬಿ ಮೇಲೆ ಹೋಗಲೋ, ನಡಿ ಅಂದವನ ಮುಂದೆ ನಿಲ್ಲಲೋ? ಕೊನೆಗೆ ನಾನು ಯಂತ್ರದ ಹತ್ತಿರವೇ ಹೋದೆ. ಮೇಸ್ತ್ರಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಒಬ್ಬಳು ಹೊಸ ಹೆಂಗಸು, ಗಟ್ಟಿಮುಟ್ಟಾದವಳು, ಗಂಟುಮೂಟೆ ಸಮೇತ ನಿಂತಿದ್ದಳು. ಅವಳು ನನ್ನ ಮುಖ ನೋಡಲಿಲ್ಲ. ಅವಳನ್ನು ಬೈಯಲು ನನಗೂ ಬಾಯಿ ಬರಲಿಲ್ಲ. ಅವಳಿಗೂ ಒಂದು ಕೋಣೆ ಬೇಕಲ್ಲ.

ಬಾಗಿಲು ತೆಗೆದೆ. ಎಡಗೈಯನ್ನು ನಂಬಿ ಕೂತರೆ ಕೆಲಸ ಕೆಟ್ಟಂತೆಯೇ. ಬಟ್ಟೆಯ ತುದಿಯನ್ನು ಬಲಗೈಯಿಂದ ಈಚೆ ತಂದು ಸೊಂಟಕ್ಕೆ ಸುತ್ತಿ ಗಂಟು ಹಾಕಿದೆ. ಯಂತ್ರಕ್ಕೆ ಬೆನ್ನು ಮಾಡಿ, ಮುಂದಕ್ಕೆ ಬಗ್ಗಿ, ಗಾಡಿಗೆ ಕಟ್ಟಿದ ಎತ್ತಿನ ಹಾಗೆ ಹೆಜ್ಜೆ ಹಾಕಿದೆ. ಕಾಲು ಜಾರಿತು, ಮೊಣಕಾಲು ಊರಿದೆ, ಎದ್ದೆ. ಹಗ್ಗ ಮಿಸುಕಿತು. ಒಂದು ಮಾರು ಬಂತು. ಇನ್ನೊಂದು ಬಂತು.

"ಬರ್ತಾ ಇದೆ, ಎಳಿಯೇ, ಬರ್ತಾ ಇದೆ!" ಅತ್ತೆ ಮಡಿಸುವ ಮೇಜನ್ನು ಗುದ್ದುತ್ತಿದ್ದಳು.

ಕೊನೆಯ ಹೊದಿಕೆ ನೆಲಕ್ಕೆ ಬಿದ್ದ ಹೊತ್ತಿಗೆ ಬೆನ್ನಲ್ಲಿ ಏನೋ ಬಿರಿಯಿತು. ಮೊದಲು ನೋವು ಅನ್ನಿಸಲಿಲ್ಲ, ಬಿಸಿ ಅನ್ನಿಸಿತು. ತಿಳಿಗೆಂಪು ನೀರು ಅಂಗಿಯೊಳಗಿಂದ ಇಳಿದು, ಸೊಂಟದ ಬಟ್ಟೆಯನ್ನು ತೋಯಿಸಿ, ಬೆಳ್ಳಗಿನ ರಾಶಿಯ ಮೇಲೆ ಸುರಿಯಿತು. ಅದರ ಹಿಂದೆಯೇ ರಕ್ತ.

ಮೇಸ್ತ್ರಿ ಕುರ್ಚಿಯಿಂದ ಎದ್ದ.

"ಥೂ, ಒಗೆದ ಬಟ್ಟೇನೆಲ್ಲ ಗಲೀಜು ಮಾಡಿದ್ಯಲ್ಲೇ! ಎಲ್ಲಾ ಮತ್ತೆ ಒಳಗೆ ಹಾಕು. ಮತ್ತೆ ಒಗಿ, ಮತ್ತೆ ಎಳಿ. ಇದು ಲೆಕ್ಕಕ್ಕಿಲ್ಲ."

ಯಂತ್ರಗಳು ಓಡುತ್ತಲೇ ಇದ್ದವು, ಹೆಂಗಸರ ಕೈಗಳು ನಿಂತಿದ್ದವು. ಆ ಹೊತ್ತಿಗೇ ಮೇಲಿನ ಆಯಾ ಏದುಸಿರು ಬಿಡುತ್ತಾ ಇಳಿದು ಬಂದಳು. "ಅಲ್ಲೆಲ್ಲಾ ಕಾಯ್ತಾ ಇದ್ದಾರೆ, ಡಾಕ್ಟ್ರು ನಿನ್ನೇ ಕೇಳ್ತಾ ಇದ್ದಾರೆ. ಸ್ನಾನ ಆಯ್ತಾ?" ಅಂದವಳು ನನ್ನ ಬೆನ್ನು ನೋಡಿ ಬಾಯಿ ಮುಚ್ಚಿಕೊಂಡಳು.

"ಆಯ್ತು" ಅಂದೆ. "ಸ್ನಾನ ಈಗ ತಾನೇ ಆಯ್ತು. ಅತ್ತೆ, ತಳ್ಳೋಗಾಡಿ ತಾ."

ಅತ್ತೆ ಗಾಡಿ ತಳ್ಳಿಕೊಂಡು ಬಂದಳು. ಉದ್ದಕ್ಕ ರಾಶಿಯನ್ನು ಬಾಚಿ ಗಾಡಿಗೆ ತುಂಬಿದಳು. ಮೇಸ್ತ್ರಿ ಅಡ್ಡ ಬಂದ. ಅತ್ತೆ ಗಾಡಿಯ ಮೂತಿಯನ್ನು ಅವನ ಮೊಣಕಾಲಿಗೆ ಕೊಟ್ಟಳು. "ನಿನ್ನ ಬಾಯಿಗೆ ಮಣ್ಣು ಹಾಕ, ಸರಿಯೋ ಆಚೆ!" ಹೊಸ ಹೆಂಗಸು ತನ್ನ ಗಂಟು ಕೆಳಗಿಟ್ಟು ಲಿಫ್ಟಿನ ಬಾಗಿಲು ಹಿಡಿದುಕೊಂಡಳು. ಅವಳು ಯಾಕೆ ಹಾಗೆ ಮಾಡಿದಳೋ ನನಗೆ ಗೊತ್ತಿಲ್ಲ.

ಹಾಲ್‌ನಲ್ಲಿ ಮೆತ್ತನೆಯ ನೆಲಹಾಸು. ಗಾಡಿಯ ಚಕ್ರ ಅದರಲ್ಲಿ ಹೂತುಕೊಂಡು ಸಾಗಲೊಲ್ಲದು. ಅತ್ತೆ, ನಾನು ಇಬ್ಬರೂ ಸೊಂಟ ಕೊಟ್ಟು ತಳ್ಳಿದೆವು. ಸಾಲುಸಾಲು ಕುರ್ಚಿಗಳಲ್ಲಿ ಡಾಕ್ಟರುಗಳು. ಗೋಡೆಯ ಮೇಲೆ ದೊಡ್ಡದಾಗಿ ನನ್ನ ಎದೆ. ಹೇಳಿದ ಹಾಗೆಯೇ ಮುಖ ಇರಲಿಲ್ಲ.

"ಬಾಮ್ಮ, ಬಾ" ಅಂದ ದೊಡ್ಡ ಡಾಕ್ಟರು ನಮ್ಮ ಹಿಂದೆ ನೆಲಹಾಸಿನ ಮೇಲೆ ಮೂಡುತ್ತಿದ್ದ ಒದ್ದೆ ಗೆರೆ ನೋಡಿ ನಿಂತರು. "ಇದೇನಮ್ಮ ಇದು? ಯಾರು ಬಿಟ್ರು ಇದನ್ನ ಒಳಗೆ?"

ನಾನು ರಾಶಿಯಿಂದ ಒಂದು ಹೊದಿಕೆಯ ತುದಿ ಹುಡುಕಿ ತೆಗೆದು ಅವರ ಕೈಗೆ ಕೊಟ್ಟೆ. ಕೊಟ್ಟದ್ದನ್ನು ಹಿಡಿದುಕೊಳ್ಳುವುದು ಕೈಯ ಅಭ್ಯಾಸ, ಹಿಡಿದುಕೊಂಡರು. ಇನ್ನೊಂದು ತುದಿಯನ್ನು ನನ್ನ ಕೈಗೆ ಸುತ್ತಿಕೊಂಡು, ಅದು ಬಿಗಿಯಾಗುವ ತನಕ ಹಿಂದೆ ಹಿಂದೆ ಸರಿದೆ. ನಡುವೆ ಹೊದಿಕೆ ಎದ್ದು ನಿಂತಿತು, ನಡುಮಧ್ಯದಲ್ಲಿ ಕೆಂಪು.

"ಕೈ ಸೊಂಟದ ಮೇಲೆ ಇಡಲ್ಲ ಸಾರ್. ಹಿಂಡೋಕೆ ಇಬ್ರು ಬೇಕು. ಎಳೀರಿ."

ಅವರು ಬಾಗಿಲ ಕಡೆ ನೋಡಿದರು, ಸೆಕ್ಯೂರಿಟಿ ಅಂತ ಯಾರನ್ನೋ ಕೂಗಿದರು. ತೊಟ್ಟಿಕ್ಕಿದ ನೀರು ಅವರ ಬಿಳಿ ಅಂಗಿಯ ತೋಳಿಗೆ ಹತ್ತಿತು. ಕಾರಿಡಾರಿನಲ್ಲಿ ಬೂಟುಗಾಲುಗಳು ಓಡಿಬರುವ ಸದ್ದು. ಅತ್ತೆ ಗಾಡಿಯನ್ನು ಬಾಗಿಲಿಗೆ ಅಡ್ಡ ಹಾಕಿ ಅದರ ಮೇಲೆ ಹತ್ತಿ ಕೂತಳು.

"ಎಳೀರಿ ಸಾರ್" ಅಂದೆ. ಅಂಗಿಯೊಳಗೆ ಎದೆ ಆಗಲೇ ಎಳೆಯತೊಡಗಿತ್ತು.