ರಂಗೂಬಾಯಿ ಮುಟ್ಟಿಸಿದ ಮಾತುಗಳು

ಒಂಬತ್ತು ಗಜದ ಇಳಕಲ್ ಸೀರೆಯ ಮೇಲೆ ಗಂಡಸರ ಕರಿಯ ಉಣ್ಣೆ ಕೋಟನ್ನು ತೊಟ್ಟು, ಪುಣೆಯ ಪೇಟೆಗಳಲ್ಲಿ ಹಾಡುಹಗಲೇ ತಲೆಯೆತ್ತಿ ನಡೆದಾಡಿದ ಹೆಂಗಸನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಅವರು ರಂಗೂಬಾಯಿ. ಕೋಟು ಅವರ ಪತಿ, ರೈಲ್ವೆ ಕಚೇರಿಯ ಗುಮಾಸ್ತರಾದ ಬಾಳಕೃಷ್ಣರಾಯರದು. ರಾಯರು ಹೊಸದನ್ನು ಹೊಲಿಸಿಕೊಂಡಾಗ ಹಳೆಯದು ಹೆಂಡತಿಯ ಪಾಲಿಗೆ ಬಂದಿತ್ತು. ಸೀರೆಗೆ ಜೇಬಿಲ್ಲದಿರುವುದು ಸ್ತ್ರೀಕುಲಕ್ಕೆ ಬಗೆದ ದೊಡ್ಡ ಅನ್ಯಾಯವೆಂದು ಬಾಯಿಯವರ ದೃಢವಾದ ಅಭಿಪ್ರಾಯ. ಒಮ್ಮೆ ಮಂಡಯಿ ಮಾರುಕಟ್ಟೆಯಲ್ಲಿ ಕಾಯಿಪಲ್ಲೆ ಮಾರುವವಳೊಬ್ಬಳು ನಗು ತಡೆಯಲಾರದೆ, "ಕೋಟ್ ಕುಣಾಚಾ ಬಾಯಿ?" ಎಂದು ಕೇಳಿದಳು. ಯಾರದೆಂದು ಕೇಳಿದವಳಿಗೆ ಇವರು ಗಂಭೀರವಾಗಿ "ಮಾಝಾ" ಎಂದರು. ನನ್ನದು ಎಂಬ ಆ ಒಂದೇ ಮಾತನ್ನು ಹೇಳಿದ ಠೀವಿಗೆ ಅವಳು ಎರಡು ನಿಂಬೆಹಣ್ಣು ಹೆಚ್ಚಿಗೆ ಹಾಕಿ ಕಳಿಸಿದಳು.

ಆ ನಿಂಬೆಹಣ್ಣುಗಳೂ ಕೋಟಿನ ಜೇಬನ್ನೇ ಸೇರಿದವು. ಅಲ್ಲಿ ಆಗಲೇ ಹೊಳೆಯ ನುಣ್ಣನೆ ಕಲ್ಲು, ಉಪ್ಪಿನ ಹರಳು, ಉಣ್ಣೆಯ ಉಂಡೆ, ಸೂಜಿಗಲ್ಲು, ನೆಲ್ಲಿಕಾಯಿ ಎಲ್ಲವೂ ಒಂದರ ಮೈಗೊಂದು ಉಜ್ಜಿಕೊಂಡು ವಾಸವಾಗಿದ್ದವು. ಅವು ಅವರ ಪಾಠದ ಸಾಮಗ್ರಿ. ಮೂವತ್ತರ ದಶಕದ ಆರಂಭದಲ್ಲಿ, ಧಾರವಾಡ ಬೆಳಗಾವಿ ಕಡೆಯಿಂದ ಹೊಟ್ಟೆಪಾಡಿಗೆ ಪುಣೆ ಸೇರಿದ ಗುಮಾಸ್ತರ, ವ್ಯಾಪಾರಸ್ಥರ ಮಕ್ಕಳಿಗಾಗಿ ಶನಿವಾರ ಪೇಟೆಯ ವಾಡೆಯೊಂದರಲ್ಲಿ ಸಣ್ಣದೊಂದು ಕನ್ನಡ ಶಾಲೆ ನಡೆಯುತ್ತಿತ್ತು. ದೊಡ್ಡ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು ನಾನು. ಅಕ್ಷರ ಕಲಿಯುವ ಚಿಕ್ಕವರು ರಂಗೂಬಾಯಿಯವರ ಕೈಯಲ್ಲಿ. ಮಕ್ಕಳು ಅವರನ್ನು 'ಅಕ್ಕೋರು' ಎನ್ನುತ್ತಿದ್ದರು.

ಅಂಗಳಕ್ಕೆ ಕಾಲಿಟ್ಟೊಡನೆ ಅವರು ಚಪ್ಪಲಿ ಕಳಚಿ, ನೆಲದ ಕ್ಷೇಮಸಮಾಚಾರ ವಿಚಾರಿಸುವವರಂತೆ ಹೆಬ್ಬೆರಳನ್ನು ಮೊದಲೂರಿ ನಿಧಾನವಾಗಿ ನಡೆಯುತ್ತಿದ್ದರು. ಪಾಠ ಮುಗಿದಾಗ 'ತಿಳೀತೇನು' ಎಂದು ಕೇಳುವ ವಾಡಿಕೆ ಅವರಿಗಿರಲಿಲ್ಲ, "ಕೈಗೆ ಬಂತೇನು?" ಎನ್ನುವರು. ತಿಳಿ ಎಂಬ ಮಾತನ್ನು ಹೇಳಿಕೊಡಲೆಂದೇ ಒಂದು ಮಳೆಗಾಲ ಮುಠಾ ಹೊಳೆಯ ಕೆಂಪು ನೀರನ್ನು ತಂಬಿಗೆಯಲ್ಲಿ ತುಂಬಿ ತಂದು ಮಕ್ಕಳ ನಡುವೆ ಇಟ್ಟರು. ಯಾರೂ ಅಲುಗಿಸಕೂಡದು. ಮಧ್ಯಾಹ್ನದ ಹೊತ್ತಿಗೆ ಮಣ್ಣು ತಳಕ್ಕಿಳಿದು ಮೇಲಿನ ನೀರಿನಲ್ಲಿ ತೊಲೆಯ ನೆರಳು ಕಂಡಾಗ, "ನೋಡ್ರಿ, ಕದಡಿದ್ದು ತಿಳಿ ಆತು. ತಲ್ಯಾಗೂ ಹಿಂಗs ಆಗ್ತದ," ಎಂದರು. ಮಾತೆಲ್ಲ ಮೊದಲು ಚರ್ಮದಲ್ಲಿ, ಮೂಗಿನಲ್ಲಿ, ನಾಲಿಗೆಯಲ್ಲಿ ಹುಟ್ಟಿ ಆಮೇಲೆ ಬುದ್ಧಿಗೆ ಏರುತ್ತದೆಂಬುದು ಅವರ ಸಿದ್ಧಾಂತ. ಅದನ್ನು ಅವರು ಯಾವ ಸಭೆಯಲ್ಲಿಯೂ ಮಂಡಿಸಲಿಲ್ಲ, ದಿನವೂ ಹತ್ತು ಗಂಟೆಗೆ ಆಚರಿಸುತ್ತಿದ್ದರು ಅಷ್ಟೆ.

ಶಾಲೆಗೆ ಜಾಗ ಕೊಟ್ಟು ಮಂಡಳಿಯ ಮುಖ್ಯಸ್ಥರಾಗಿದ್ದವರು ಕಟ್ಟಿಗೆ ಅಡ್ಡೆಯ ಅಪ್ಪಾಸಾಹೇಬರು. ಒಮ್ಮೆ ತರಗತಿ ನೋಡಲು ಬಂದವರು ಜರಿ ರುಮಾಲನ್ನು ಸರಿಪಡಿಸಿಕೊಳ್ಳುತ್ತ, "ಸಹನೆ ಅಂದ್ರೇನು, ಹೇಳ್ರಿ ನೋಡೂಣು," ಎಂದು ಕೇಳಿದರು. ಮಲಕಪ್ಪನೆಂಬ ಆರು ವರ್ಷದ ಹುಡುಗ ಎದ್ದು ನಿಂತು, "ಹಾಲು ಹೆಪ್ಪಾಗೂತನಕ ಬೆರಳು ಅದ್ದದ ಇರೂದ್ರಿ," ಎಂದ. ಅಪ್ಪಾಸಾಹೇಬರು ಮೀಸೆಯ ಮರೆಯಲ್ಲಿ ನಕ್ಕರು. ಹೊರಗೆ ಬಂದು ಮಾತ್ರ ನನ್ನೊಡನೆ, "ಅಡಗಿಮನಿ ಕಲಸ್ಲಿಕ್ಕೆ ಸಾಲಿ ಯಾಕ ಬೇಕ್ರಿ ಮಾಸ್ತರ?" ಎಂದು ಗೊಣಗಿದರು.

ಆ ವರ್ಷ ಭಾದ್ರಪದದಲ್ಲಿ ಶಾಲೆಯ ಬಾಗಿಲೆದುರೇ ಟಾಂಗಾದ ಮುದಿ ಕುದುರೆಯೊಂದು ಕುಸಿದು ಸತ್ತುಹೋಯಿತು. ಟಾಂಗಾದವನು ಅದರ ತಲೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ನಾನು ಬಾಗಿಲು ಮುಚ್ಚಲು ಹೊರಟೆ. ರಂಗೂಬಾಯಿ ನನ್ನನ್ನು ತಡೆದು, ಟಾಂಗಾದವನನ್ನು ಕೇಳಿ, ಚಿಕ್ಕವರನ್ನು ಸಾಲಾಗಿ ಕರೆತಂದು ಕುದುರೆಯ ಕೊರಳನ್ನು ಮುಟ್ಟಿಸಿದರು. ಕಾಶವ್ವನೆಂಬ ಹುಡುಗಿ ಅದರ ಕಿವಿಯನ್ನು ಬಹಳ ಹೊತ್ತು ಸವರುತ್ತ ನಿಂತು, "ಅಕ್ಕೋರ, ನೊಣ ಕುಂತ್ರೂ ಕಿವಿ ಅಲ್ಲಾಡಸವಲ್ದು," ಎಂದಳು. "ಹೌದವಾ, ಸತ್ತದ," ಎಂದರು ಅವರು. ಸಂಜೆಗೆ ಮನೆಮನೆಯಲ್ಲಿಯೂ ಮಕ್ಕಳಿಗೆ ತಲೆಸ್ನಾನವಾಯಿತು. ಮಾರನೆಯ ದಿನ ಅಪ್ಪಾಸಾಹೇಬರಿಂದ ಎಚ್ಚರಿಕೆ ಬಂತು.

ಕಾಶವ್ವನ ತಂದೆ ಮುರುಗೆಪ್ಪ ಜವಳಿ ವ್ಯಾಪಾರಿ. ದಸರೆಯ ಹೊತ್ತಿಗೆ ಅವನ ಹೆಂಡತಿ ಎರಡನೆಯ ಹೆರಿಗೆಗೆಂದು ಗೋಕಾಕದ ತವರಿಗೆ ಹೋದಳು. ಅಲ್ಲಿ ಹೆತ್ತ ಕೂಸಿನೊಂದಿಗೆ ತಾನೂ ತೀರಿಕೊಂಡಳು. ಮಗನ ಸಂಸಾರ ನೋಡಿಕೊಳ್ಳಲು ತಾಯಿ ಚನ್ನಬಸವ್ವ ಪುಣೆಗೆ ಬಂದರು. ಮೊಮ್ಮಗಳಿಗೆ ಅವರು ಹೇಳಿದ್ದು ಇಷ್ಟೆ: ಅವ್ವ ಶಿವನ ಪಾದ ಸೇರ್ಯಾಳ, ಲಿಂಗದಾಗ ಐಕ್ಯ ಆಗ್ಯಾಳ. ಹುಡುಗಿ ಅಳಲಿಲ್ಲ. ಊಟ ಬಿಟ್ಟಳು, ದಿನವೂ ಕಿಟಕಿಯ ಸರಳು ಹಿಡಿದು ಓಣಿಯ ತುದಿಯನ್ನೇ ನೋಡತೊಡಗಿದಳು. ಒಂದು ದಿನ ತರಗತಿಯಲ್ಲಿ, "ಅಕ್ಕೋರ, ಐಕ್ಯ ಅನ್ನೂ ಊರು ಗೋಕಾಕದಿಂದ ಎಷ್ಟು ದೂರ ಐತ್ರಿ?" ಎಂದು ಕೇಳಿದಳು. ರಂಗೂಬಾಯಿಯವರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು, ಬರಿದಾಗಿ ಹೊರಗೆ ಬಂತು.

ಅಂದೇ ಸಂಜೆ ಅವರು ಮುರುಗೆಪ್ಪನ ಮನೆಗೆ ಹೋಗಿ, ಮಗುವಿಗೆ ನಿಜ ಹೇಳಬೇಕೆಂದರು. ಚನ್ನಬಸವ್ವ ಕೈಮುಗಿದರು: "ಕೂಸಿನ ಎದಿ ಒಡದೀತ್ರಿ. ಹೇಳೂದಿಲ್ಲ ಅಂತ ನನಗ ಮಾತು ಕೊಡ್ರಿ." ಹಿರಿಯ ಜೀವದ ಕಣ್ಣೀರಿನೆದುರು ರಂಗೂಬಾಯಿ ಹೂಂ ಎಂದು ಬಂದರು. ಆ ಹೂಂ ಅವರ ಮುಖದ ಮೇಲೆ ಹಲವು ದಿನ ಕುಳಿತಿದ್ದುದನ್ನು ನಾನು ನೋಡಿದೆ.

ಮುಂದೊಂದು ಮಧ್ಯಾಹ್ನ ಮುರುಗೆಪ್ಪ ಅಂಗಡಿಯ ಮೊಳಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದ. ಶಾಲೆ ಬಿಟ್ಟ ಮಗಳು ಮನೆಗೆ ಬಂದಿರಲಿಲ್ಲ. ರಂಗೂಬಾಯಿ ಕ್ಷಣವೂ ಯೋಚಿಸದೆ, "ಸ್ಟೇಶನ್ನಿಗೆ ನಡೀರಿ," ಎಂದರು. ಮೂವರೂ ಟಾಂಗಾ ಹತ್ತಿದೆವು. ದಾರಿಯಲ್ಲಿ ಅವರು ಮುರುಗೆಪ್ಪನ ಕಡೆ ತಿರುಗಿ, "ನಿಮ್ಮ ತಾಯಿಯವರಿಗೆ ಮಾತು ಕೊಟ್ಟೀನಿ, ಖರೆ. ಆದ್ರ ಇವತ್ತ ಕೂಸು ಕೇಳಿದ್ರ ಹೇಳಾಕಿ ನಾನು. ಬ್ಯಾಡ ಅಂತೀರೇನು?" ಎಂದರು.

ಮುರುಗೆಪ್ಪ ಮೊಳಕೋಲನ್ನು ತೊಡೆಯ ಮೇಲೆ ಅಡ್ಡವಿಟ್ಟುಕೊಂಡು, "ನನಗಂತೂ ಹೇಳಾಕ ಬಾಯಿ ಬರವಲ್ದ್ರಿ," ಎಂದ.

ಸೇತುವೆ ದಾಟುವಾಗ ಅವರು ತಗ್ಗಿದ ದನಿಯಲ್ಲಿ ನನಗೆ, "ಮಾಸ್ತರ, ಇದನ್ನ ಆಕಿ ಕೈಗೆ ಹೆಂಗ ಕೊಡಲಿ?" ಎಂದರು. ಅವರ ಧ್ವನಿಯಲ್ಲಿ ಅಳುಕನ್ನು ನಾನು ಕೇಳಿದ್ದು ಅದೊಂದೇ ಸಲ.

ಗೋಕಾಕದ ಕಡೆಯವರು ಬರುವ ಮಿರಜ ಗಾಡಿ ಆಗಷ್ಟೇ ಬಂದು ನಿಂತಿತ್ತು. ಹೆಂಗಸರ ಡಬ್ಬಿ ನಿಲ್ಲುವ ಕಡೆ, ಹತ್ತಿಯ ಅಂಡಿಗೆಯೊಂದರ ಮೇಲೆ ಕಾಶವ್ವ ಕುಳಿತಿದ್ದಳು. ಮಡಿಲಲ್ಲಿ ಅರಿವೆಯಲ್ಲಿ ಸುತ್ತಿದ ರೊಟ್ಟಿ. ಇಳಿದವರ ಮುಖಗಳನ್ನೆಲ್ಲ ನೋಡಿ ಮುಗಿಸಿ, ಪ್ಲಾಟ್‌ಫಾರ್ಮು ಬರಿದಾದ ಮೇಲೆ, ಪಕ್ಕದಲ್ಲಿ ಬಂದು ಕುಳಿತ ಅಕ್ಕೋರನ್ನು ಅವಳು ಅಚ್ಚರಿಯಿಲ್ಲದೆ ನೋಡಿದಳು.

"ಮುಂದಿನ ಗಾಡಿ ಯಾವಾಗ ಐತ್ರಿ? ಅವ್ವಗ ಹಸಿವಿ ಆಗಿರತೈತಿ."

"ಕಾಶಿ, ಅವ್ವ ಗಾಡ್ಯಾಗ ಬರೂದಿಲ್ಲವಾ. ಅವ್ವ ಸತ್ತಾಳ."

ಹುಡುಗಿ ಹುಬ್ಬು ಗಂಟಿಕ್ಕಿದಳು. ರಂಗೂಬಾಯಿ ಅವಳ ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡರು. "ಸಾಲಿ ಮುಂದ ಕುದರಿ ಬಿದ್ದಿತ್ತಲ್ಲ, ನೀ ಕಿವಿ ಮುಟ್ಟಿದ್ದಿ. ನೆನಪದ?"

"ತಣ್ಣಗ ಇತ್ತು. ನೊಣ ಕುಂತ್ರೂ ಅಲ್ಲಾಡಸಲಿಲ್ಲ."

"ಹೂಂ."

"ಅವ್ವಗೂ ಹಂಗ ಆತ್ರೀ?"

"ಹಂಗ ಆತು."

"ನಾ ಕರದ್ರೂ?"

"ನೀ ಕರದ್ರೂ ಓ ಅನ್ನೂದಿಲ್ಲವಾ. ಆಕೀಗೆ ಹಸಿವಿಲ್ಲ, ನೋವಿಲ್ಲ. ನಿನಗ ನೋವದ. ನನಗ ಗೊತ್ತದ."

ಕಾಶವ್ವನ ಬಾಯಿ ತೆರೆಯಿತು. ಹೊರಟ ಅಳುವಿಗೆ ದೂರದ ಕೂಲಿಗಳು ಹೊರೆಯಿಳಿಸಿ ತಿರುಗಿ ನೋಡಿದರು. ಮುರುಗೆಪ್ಪ ನೆಲಕ್ಕೆ ಕುಸಿದು ಮಗಳನ್ನು ಎದೆಗೆ ಅವುಚಿಕೊಂಡ. ಹೆಂಡತಿ ತೀರಿದ ಮೇಲೆ ಆತ ಅತ್ತದ್ದು ಅದೇ ಮೊದಲೆಂದು ಆಮೇಲೆ ತಾನೇ ಹೇಳಿದ. ಅಳು ಸೊರಗಿದ ಮೇಲೆ ಹುಡುಗಿ ಅರಿವೆ ಬಿಚ್ಚಿ, "ಅಪ್ಪಾ, ನೀ ತಿನ್ನು," ಎಂದು ರೊಟ್ಟಿ ಮುರಿದು ಕೊಟ್ಟಳು, ತಾನೂ ತಿಂದಳು.

ಚನ್ನಬಸವ್ವ ಕೆಂಡವಾದರು. ಕೊಟ್ಟ ಮಾತು ಮುರಿದದ್ದಲ್ಲದೆ ಲಕ್ಷ್ಮಿಯಂಥ ಸೊಸೆಯನ್ನು ಬೀದಿಯ ಕುದುರೆಗೆ ಹೋಲಿಸಿದಳೆಂದು ಅಪ್ಪಾಸಾಹೇಬರಲ್ಲಿಗೆ ದೂರು ಹೋಯಿತು. ಮಂಡಳಿ ಸೇರಿತು, ಕ್ಷಮೆ ಕೇಳಿದರೆ ಸಾಕೆಂದರು. ರಂಗೂಬಾಯಿ ಕೋಟಿನ ಗುಂಡಿ ಹಾಕಿಕೊಂಡು ನಿಂತು, "ಮಾತು ಮುರದದ್ದಕ್ಕ ಆ ಹಿರ್ಯಾರ ಕಾಲು ಹಿಡೀತೀನ್ರಿ. ಕೂಸಿಗೆ ಹೇಳಿದ್ದಕ್ಕ ಕ್ಷಮಾ ಕೇಳಾಕಿ ಅಲ್ಲ," ಎಂದರು. ಮಂಡಳಿಗೆ ಈ ಎರಡು ಭಾಗದ ಉತ್ತರ ಸೇರಲಿಲ್ಲ. ಬಾಯಿಯವರ ನೌಕರಿ ಹೋಯಿತು.

ಅವರು ನಾರಾಯಣ ಪೇಟೆಯ ತಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತರು. ಕೆಲವು ದಿನ ಒಂದು ಮಗುವೂ ಬರಲಿಲ್ಲ. ಬಾಳಕೃಷ್ಣರಾಯರು ಕಚೇರಿಗೆ ಹೋಗುವ ಮುನ್ನ ಆ ಖಾಲಿ ಚಾಪೆಯ ಮೇಲೆ ತಾವೇ ವಿದ್ಯಾರ್ಥಿಯಂತೆ ಕೈಕಟ್ಟಿ ಕುಳಿತು ಹೆಂಡತಿಯನ್ನು ನಗಿಸುತ್ತಿದ್ದರು. ನಾನು ಅಲ್ಲಿದ್ದ ಒಂದು ಭಾನುವಾರದ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದವರು ಚನ್ನಬಸವ್ವ. ರಂಗೂಬಾಯಿ ಬಾಗಿ ಕಾಲಿಗೆರಗಲು ಹೋದರೆ ಅವರು ತೋಳು ಹಿಡಿದು ತಡೆದರು.

"ಮೊದಲ ಕೂಸು ಅಳತಿದ್ದಿಲ್ಲ, ನಿದ್ದೀನೂ ಮಾಡತಿದ್ದಿಲ್ಲ. ಈಗ ನನ್ನ ತೊಡಿ ಮ್ಯಾಲ ಬಿದ್ದು ಅಳತೈತಿ, ಅತ್ತು ಮಲಗತೈತಿ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ನೆವದಾಗ ನಾನೂ ಅಳತೀನ್ರಿ. ಇಬ್ಬರಿಗೂ ಹಗುರ ಆಗೈತಿ. ಇಕೀನ್ನ ನೀವs ಕಲಸ್ರಿ."

ವರ್ಷ ತಿರುಗುವುದರೊಳಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪಾಸಾಹೇಬರ ಮೊಮ್ಮಕ್ಕಳೂ ಅಲ್ಲಿಗೇ ಬಂದರು. ರಾಯರ ನೌಕರಿ ಮುಗಿದು ದಂಪತಿಗಳು ಧಾರವಾಡಕ್ಕೆ ಮರಳುವವರೆಗೆ ಆ ಚಾಪೆಗಳನ್ನು ಯಾರೂ ಸುತ್ತಿಡಲಿಲ್ಲ.

ಧರ್ಮ, ಕರುಣೆ, ಮೋಕ್ಷ ಮೊದಲಾದ ದೊಡ್ಡ ಮಾತುಗಳು ನಮ್ಮಲ್ಲಿ ಹೆಚ್ಚಿನವರಿಗೆ ಹಿರಿಯರ ಆಸ್ತಿಯಂತೆ ಬರುತ್ತವೆ. ಅವು ಯಾರ ಮೈಬೆವರಿನಿಂದ, ಯಾರ ಬೆಂದ ಬೆರಳಿನಿಂದ ಹುಟ್ಟಿದವೆಂದು ವಿಚಾರಿಸದೆ ನಾವು ಧಾರಾಳವಾಗಿ ಖರ್ಚು ಮಾಡುತ್ತೇವೆ, ವಿಶೇಷವಾಗಿ ಅನ್ಯರ ದುಃಖದ ಸಮಯದಲ್ಲಿ. ಅಪರೂಪಕ್ಕೆ ಕೆಲವರು ಮಾತ್ರ, ತಮ್ಮ ಮೈಗೆ ತಾಗದ ಮಾತನ್ನು ಆಡಲೊಲ್ಲೆವೆಂದು ಹಟ ಹಿಡಿದು ಬದುಕುತ್ತಾರೆ. ಅಂಥವರೊಡನೆ ಬಾಳುವುದು ಸುಲಭವಲ್ಲ. ಮುಚ್ಚಿಡಬಹುದಾದದ್ದನ್ನು ಅವರು ತೆರೆದಿಡುತ್ತಾರೆ, ನೋಯಿಸುತ್ತಾರೆ. ಆದರೆ ಕಹಿಸತ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟಮೇಲೆ ಎದ್ದು ಹೋಗದೆ, ಅದರ ಭಾರ ಒಗ್ಗುವವರೆಗೆ ಆ ಕೈಯನ್ನು ಹಿಡಿದು ಪಕ್ಕದಲ್ಲಿ ಕುಳಿತಿರುವವರೂ ಅವರೇ.