ಹಲಸಿನ ಜಾಗಕ್ಕೆ ಕೊಂಬೆ

“ಬೇರು ನೋಡ್ತೀಯೇನೇ, ಮುಂಡೆ? ಗಿಡದ ಡಾಕ್ಟ್ರು ಅಂತ ಕರೆಸಿದ್ನಾ ನಿನ್ನ? ಗುಂಡಿಗೆ ಊರು ಅಂದ್ರೆ ಊರು!”

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಟ್ಟಪ್ಪ ಹೀಗೆ ಬೈಯುವಾಗ ಕೂಲಿ ಕೆಂಚಿಯ ಕೈಯಲ್ಲಿ ಸಿಲ್ವರ್ ಓಕಿನ ಕೊಂಬೆಯಿತ್ತು. ಬೆಳಿಗ್ಗೆಯಷ್ಟೇ ಕತ್ತಿಯಲ್ಲಿ ಕಡಿದದ್ದು. ಬುಡದಲ್ಲಿ ಬೇರಿನ ಎಳೆಯೂ ಇರಲಿಲ್ಲ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸಿದ್ದಾಪುರದ ಧಣಿ ಉತ್ತಯ್ಯನವರ ಹೊಸ ಬಂಗಲೆಯ ಮರಗೆಲಸಕ್ಕಾಗಿ, ಕೂಲಿಗಳ ಮನೆಸಾಲಾದ ಲೈನಿನ ಹಿಂದಿನ ಹನ್ನೆರಡು ಮರ ಉರುಳಿದ್ದವು. ಒಂದಕ್ಕೆ ಎರಡು ನೆಡಬೇಕು ಎಂದು ತಾಲ್ಲೂಕಿನ ಅಧಿಕಾರಿ ಸುಬೇದಾರರು ಷರತ್ತು ಹಾಕಿದ್ದರು; ಇವತ್ತು ನೋಡಲು ಬರುವವರಿದ್ದರು. ಸಸಿ ತರಿಸುವ ಉಸಾಬರಿ ಯಾರಿಗೆ ಬೇಕು? ಮೆಣಸಿನ ಬಳ್ಳಿಗೆ ಊರುವ ಹಾಲುವಾಣವಾದರೆ ಬರೀ ಕೊಂಬೆಯೂ ಚಿಗುರುತ್ತದೆ. ಸಿಲ್ವರ್ ಓಕಿನ ಕೊಂಬೆ ನಾಲ್ಕೇ ದಿನಕ್ಕೆ ಒಣಗುತ್ತದೆಂದು ಲೈನಿನ ಕೂಸಿಗೂ ಗೊತ್ತು. ಆದರೆ ಹಾಲುವಾಣ ಎಲೆ ಬಿಡಲು ತಿಂಗಳು ಬೇಕು, ಧಣಿಗೆ ಇವತ್ತೇ ಹಸಿರು ಬೇಕಿತ್ತು. ಸುಬೇದಾರರೋ, ಬಯಲುಸೀಮೆಯವರು.

ಕಡಿದ ಮರಗಳಲ್ಲಿ ಒಂದು ಹಲಸು. ಅದರ ಬುಡದಲ್ಲಿ ಕೆಂಚಿಯ ಮಗಳು ಸೋಮಿಯನ್ನು ಹೂತಿದ್ದರು. ಊರ ಮಸಣಕ್ಕೆ ಲೈನಿನವರ ಹೆಣ ಬರಕೂಡದು ಅಂದಿದ್ದರು ದೊಡ್ಡ ಮನುಷ್ಯರು. ಹೆಣದಲ್ಲೂ ಮೈಲಿಗೆ ಹುಡುಕುವ ಜನ! ಗಂಡ ಮೊದಲೇ ಸತ್ತಿದ್ದ. ಕೆಂಚಿ ಸಂಜೆ ಹೊತ್ತು ಆ ಮರಕ್ಕೆ ಒರಗಿ ಕೂತು, ಆವತ್ತಿನ ಮಾತನ್ನೆಲ್ಲ ಮಗಳಿಗೆ ಹೇಳುತ್ತಿದ್ದಳು. ಮರ ಬೀಳುವ ದಿನ ಧಣಿಯ ಕಾಲು ಹಿಡಿದಿದ್ದಳು. “ಅಳ್ಬೇಡ, ಅಲ್ಲೇ ಹಲಸಿನ ಸಸಿ ನೆಡಿಸ್ತೇನೆ,” ಅಂದಿದ್ದರು ಉತ್ತಯ್ಯ.

ಈಗ ಅವಳ ಪಾಲಿಗೆ ಬಂದದ್ದು ಅದೇ ಹಲಸಿನ ಮೋಟಿನ ಪಕ್ಕದ ಗುಂಡಿ.

“ಧಣೇರು ಹಲಸಿನ್ ಸಸಿ ಅಂದಿದ್ರು, ರೈಟ್ರೇ.”

“ಹಣ್ಣು ತಿನ್ನೋಕೆ ನಿನ್ ಮಗಳು ಎದ್ದು ಬರ್ತಾಳಾ?”

ಪಕ್ಕದ ಗುಂಡಿಯ ಕೂಲಿ ಸಣ್ಣಸ್ವಾಮಿ ತನ್ನ ಕೊಂಬೆಯ ಬುಡಕ್ಕೆ ಮಣ್ಣು ಎಳೆದ. ಕೆಂಚಿ ಕೊಂಬೆ ಊರಿದಳು.

ಮಧ್ಯಾಹ್ನ ಸುಬೇದಾರರ ಜೀಪು ಬಂತು.

“ನೆಟ್ಟು ತಿಂಗಳಾಯ್ತು,” ಅಂದರು ಉತ್ತಯ್ಯ.

“ಇಪ್ಪತ್ನಾಲ್ಕೂ ಚೆನ್ನಾಗಿ ಹಿಡಿದಿವೆ,” ಎಂದು ಸುಬೇದಾರರು ಪೆನ್ನಿನ ಮುಚ್ಚಳ ತೆಗೆದರು.

“ಇಲ್ಲ ಬುದ್ಧೀ, ಸುಳ್ಳು!” ಕೆಂಚಿ ತನ್ನ ಕೊಂಬೆಯನ್ನು ಒಂದೇ ಕೈಯಲ್ಲಿ ಕಿತ್ತು ಅವರ ಬೂಟಿನ ಮುಂದೆ ಎಸೆದಳು. “ಬೇರು ಎಲ್ಲೈತೆ, ತೋರ್ಸಿ!”

ಸುಬೇದಾರರು ಕಡಿದ ತುದಿಯನ್ನು ನೋಡಿದರು.

“ಪಾಪ, ಮಗಳು ಸತ್ತ ಮೇಲೆ ಇವಳಿಗೆ ತಲೆ ಸರಿಯಿಲ್ಲ,” ಅಂದರು ಉತ್ತಯ್ಯ.

“ಹೌದೇನ್ರಪ್ಪಾ?” ಸುಬೇದಾರರು ಕೂಲಿಗಳ ಕಡೆ ತಿರುಗಿದರು.

ಕೊಂಬೆಗಳನ್ನು ಕಡಿದು ಹೊತ್ತು ತಂದವರು ಅವರೇ. ಸಣ್ಣಸ್ವಾಮಿ ಗುದ್ದಲಿಯ ಮಣ್ಣು ಕೆರೆಯುತ್ತ ನಿಂತ. ಕೆಂಚಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸೋಮಿಯನ್ನು ಹೂತು ಬಂದ ದಿನವೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಸುಬೇದಾರರು ಕಾಗದಕ್ಕೆ ಸಹಿ ಹಾಕತೊಡಗಿದರು.

ಕೆಂಚಿ ಕೊಂಬೆ ಕಿತ್ತ ಗುಂಡಿಯ ಸಡಿಲ ಮಣ್ಣು ತೋಡಿ ಒಳಗೆ ಇಳಿದಳು. ಬಗ್ಗಿ, ಎರಡೂ ಕೈಯಲ್ಲಿ ಮಣ್ಣು ಎಳೆದು ಮೊಣಕಾಲವರೆಗೆ ತುಂಬಿಕೊಂಡಳು.

“ಥೂ! ಎಳೆದು ಹಾಕ್ರೋ ಆ ಮುಂಡೇನ!” ಕುಟ್ಟಪ್ಪ ಕಿರುಚಿದ.

“ನೀನೇ ಬಾರೋ, ಬೋಳಿಮಗನೆ! ಈ ಗಿಡಕ್ಕೆ ಬೇರೈತೆ. ಕೀಳು, ನೋಡಾನ!”

ಕೂಲಿಗಳು ಯಾರೂ ಅವಳನ್ನು ಎಳೆಯಲು ಬರಲಿಲ್ಲ. ಪಕ್ಕ ನಿಲ್ಲಲೂ ಬರಲಿಲ್ಲ.