ಬೂದು ಗೊಂಬೆಯ ನಡಿಗೆ

ಎಡಗೈಯ ಎರಡು ಬೆರಳು ಏನನ್ನೋ ಹಿಡಿದಿವೆ, ಅಲ್ಲಿ ಇಲ್ಲದ್ದನ್ನು, ಪರದೆಯ ಮೇಲೆ ಬೂದು ಗೊಂಬೆ ಬೆನ್ನು ತೋರಿಸಿಕೊಂಡು ಹುಲ್ಲಿನಲ್ಲಿ ನಡೆದು ಹೋಗುತ್ತಿದೆ, ಮುಖವಿಲ್ಲ, ಬಟ್ಟೆಯಿಲ್ಲ, ಆದರೂ ತೊಡೆಯ ಪಕ್ಕ ಆ ಕೈ ಚೂರು ಮೇಲೆ — ಬೀರೂರು ಸ್ಟೇಷನ್ನಿಗೆ ಯಾವುದೋ ರೈಲು ಬಂತು, ಮೇಜು ಅದುರಿತು, ಪರದೆಯೊಳಗಿನ ದನಗಳು ಅದುರಲಿಲ್ಲ, ಅವೂ ಗೊಂಬೆಗಳೇ, ಹೊನ್ನೇಶ್ ಎಲ್ಲಿ ನಿಲ್ಲಿಸಿದನೋ ಅಲ್ಲೇ ನಿಲ್ಲುತ್ತವೆ. ಸಿನಿಮಾದ ಮೊದಲ ಶಾಟು ಇದು, ಎಮ್ಮೆದೊಡ್ಡಿ ಕಾವಲು, ದನ ಮೇಯುವ ಹುಲ್ಲುಬಯಲು, ಹೀರೋಯಿನ್ ದನಗಳ ನಡುವೆ ದೂರ ಹೋಗಬೇಕು, ಶೂಟಿಂಗಿಗೆ ಮೊದಲೇ ಅದನ್ನು ಕಂಪ್ಯೂಟರಿನೊಳಗೆ ನಡೆಸಿ ತೋರಿಸುವುದು ಅವನ ಕೆಲಸ, ಬಿಸಿಲು ಎಲ್ಲಿಂದ, ಕ್ಯಾಮೆರಾ ಎಷ್ಟು ಎತ್ತರ, ದನ ಎತ್ತ ಮುಖ. ಬೆಳಿಗ್ಗೆ ನಿರ್ದೇಶಕ ರುದ್ರಮೂರ್ತಿ ಫೋನಿನಲ್ಲಿ ನಕ್ಕಿದ್ದರು, ಏನಪ್ಪಾ ಹೊನ್ನೇಶ, ನಿನ್ ಗೊಂಬೆ ಇಲಿಬಾಲ ಹಿಡ್ಕೊಂಡಂಗೆ ನಡೀತದಲ್ಲೋ, ನಮ್ ಹೀರೋಯಿನ್ ಪ್ಯಾಂಟ್ ಹಾಕಿರ್ತಾಳೆ ಕಣಪ್ಪಾ, ಕೈ ಇಳಿಸು, ಕೊನೇಲಿ ಒಂದ್ಸಲ ತಿರುಗಿ ನೋಡ್ಲಿ, ತಿರುಗ್ಲಿಲ್ಲ ಅಂದ್ರೆ ಶಾಟೇ ಬೇಡ.

ಈ ನಡಿಗೆಯಲ್ಲಿ ತಿರುಗುವುದು ಇಲ್ಲ. ಸಾಫ್ಟ್‌ವೇರಿನ ಜೊತೆ ಬರುವ ನಡಿಗೆಗಳೆಲ್ಲ ಮಾಲ್ ಸುತ್ತುವವರ ನಡಿಗೆ, ಅದಕ್ಕೇ ಅಕ್ಷತಾಳನ್ನು ಕಾವಲಿಗೆ ಕರೆದುಕೊಂಡು ಹೋಗಿದ್ದ, ಕಡೂರು ಕಾಲೇಜಿನಿಂದ ಜೊತೆಗಿದ್ದವಳು, ಅಲ್ಲಲ್ಲಿ ಫೋನುಗಳನ್ನು ಕ್ಯಾಮೆರಾ ಆನ್ ಮಾಡಿ ನಿಲ್ಲಿಸಿದರೆ ಸಾಕು, ನಡೆಯುವ ಮೈಯ ಚಲನೆ ಮಾತ್ರ ಗೊಂಬೆಗೆ ಹೋಗುತ್ತದೆ, ಮುಖ ಹೋಗುವುದಿಲ್ಲ, ಮಾತೂ ಹೋಗುವುದಿಲ್ಲ, ಹುಲ್ಲಿನ ಮುಳ್ಳು ಅಂಟುತ್ತದೆಂದು ಚೂಡಿದಾರದ ಅಂಚನ್ನು ಎಡಗೈಯ ಎರಡು ಬೆರಳಲ್ಲಿ ಎತ್ತಿಕೊಂಡು ನಡೆದಳು, ನಡೆಯುತ್ತಲೇ ಕೇಳಿದಳು, ಅಜ್ಜಂಪುರದ ಗಂಡಿನ ಕಡೆಯೋರು ನೋಡ್ಕೊಂಡು ಹೋದ್ರು ಕಣೋ, ನಮ್ಮಪ್ಪಂಗೆ ಏನ್ ಹೇಳ್ಲಿ, ಅವಳ ಭುಜ ಹೊರಳಿತು, ತಿರುಗ್ಬೇಡ ಕಣೇ, ಹಂಗೇ ನಡಿ, ಎಲ್ಲಾ ಕೆಡ್ತದೆ ಅಂದ. ಅವಳು ನಡೆದಳು. ಒಳ್ಳೆಯ ಟೇಕು. ತಿರುಗಿದ್ದರೆ ಏನು ಹೇಳುತ್ತಿದ್ದ, ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ ಅನ್ನುತ್ತಿದ್ದನಾ, ಗೊತ್ತಿಲ್ಲ, ಬಹುಶಃ ಬಿಸಿಲು ಹೋಗುತ್ತದೆ ಬೇಗ ನಡಿ ಅನ್ನುತ್ತಿದ್ದ.

ಮತ್ತೊಂದು ಸಲ ನಡೀತೀಯಾ ಎಂದು ರುದ್ರಮೂರ್ತಿ ಅವರ ಫೋನಿನ ಬೆನ್ನಲ್ಲೇ ಅವಳಿಗೆ ಫೋನ್ ಮಾಡಿದ್ದ, ತರೀಕೆರೆ ಬಸ್‌ಸ್ಟ್ಯಾಂಡಿನ ಗದ್ದಲ, ಅವಳ ನಗು, ಸೀರೆ ತಗೊಳ್ಳೋಕೆ ಬಂದಿದೀವಿ ಕಣೋ, ಅಜ್ಜಂಪುರದೋರೂ ಇದಾರೆ, ಇನ್ಮೇಲೆ ಕಾವಲು ಗೀವಲು ಅಂತ ಕರೀಬೇಡ, ಊಟ ಮಾಡಿದ್ಯಾ. ಮಾಡಿದೆ ಅಂದ, ಮಾಡಿರಲಿಲ್ಲ. ಅಷ್ಟೇ.

ತಿರುಗಿ ನೋಡುವ ಮಾಲ್ ನಡಿಗೆಯೊಂದನ್ನೇ ಹಾಕಿದ, ಕೈ ಇಳಿಯಿತು, ಗೊಂಬೆ ಕೊನೆಯಲ್ಲಿ ತಿರುಗಿತು, ಕಳಿಸಿದ, ರುದ್ರಮೂರ್ತಿ ಅವರಿಂದ ಆಗಲೇ ಉತ್ತರ ಬಂತು, ಈಗ ಸರಿಹೋಯ್ತು ನೋಡು, ಇದೇ ಫೈನಲ್. ಹಳೆಯ ನಡಿಗೆ ಇನ್ನು ಬೇಡ, ತೆಗೆಯಬೇಕು, ತೆಗೆಯುವ ಮೊದಲು ಒಂದು ಸಲ — ಪರದೆಯ ಈ ಕಾವಲಿನಲ್ಲಿ ಅವಳನ್ನು ತಿರುಗಿಸಬೇಕಾಗಿಲ್ಲ, ಕ್ಯಾಮೆರಾವನ್ನೇ ಎಳೆದುಕೊಂಡು ಮುಂದೆ ಹೋಗಿ ನಿಲ್ಲಬಹುದು, ಅಂದು ಅಷ್ಟು ಮಾಡಬಹುದಿತ್ತಲ್ಲ, ಫೋನುಗಳನ್ನು ಅಲ್ಲೇ ಬಿಟ್ಟು ಅಷ್ಟು ದೂರ ಓಡಬಹುದಿತ್ತು, ಎಳೆದ, ದನಗಳ ಒಳಗಿಂದಲೇ ಹಾದು, ಹುಲ್ಲು ದಾಟಿ, ಎದುರಿಗೆ ಬಂದು ನಿಂತ, ಅವಳು ಅವನ ಕಡೆಗೇ ಬರುತ್ತಿದ್ದಾಳೆ, ಹತ್ತಿರ, ಇನ್ನೂ ಹತ್ತಿರ, ಮುಖದ ಜಾಗದಲ್ಲಿ ನುಣ್ಣಗೆ ಬೂದು ಬಣ್ಣ, ಭುಜದ ಆ ಸಣ್ಣ ಹೊರಳು, ಮತ್ತೆ ನೇರ, ಎಡಗೈ, ಎರಡು ಬೆರಳು, ಬೆರಳ ನಡುವೆ ಏನೂ ಇಲ್ಲ, ಬಿಗಿಯಾಗಿ ಹಿಡಿದಿದ್ದಾಳೆ.